ಹೆಡ್‌ಮೇಷ್ಟ್ರ ಎದುರುಬದುರು

ಸಂಜೆಯಾದರೆ ಆ ಮನೆಯ ಬಾಗಿಲಲ್ಲಿ ಚಪ್ಪಲಿಗಳು ಗುಡ್ಡೆ ಬೀಳುತ್ತಿದ್ದವು. ಹೊಸಬರು ನೋಡಿದರೆ ಒಳಗೆ ಮದುವೆ ಮಾತುಕತೆಯೋ, ಯಾರದಾದರೂ ಸಾವೋ ಇರಬೇಕು ಎಂದುಕೊಳ್ಳಬೇಕು. ಎರಡೂ ಅಲ್ಲ. ಒಳಗೆ ಹೆಡ್‌ಮೇಷ್ಟ್ರು ಜನರ ಮನಸ್ಸು ರಿಪೇರಿ ಮಾಡುತ್ತಿದ್ದರು.

ಅವರು ಶಾಲೆಯಿಂದ ನಿವೃತ್ತರಾಗಿದ್ದರೂ ಅವರ ಬಾಯಿಗೆ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಮೊದಮೊದಲು ಹಳೆಯ ವಿದ್ಯಾರ್ಥಿಗಳ ತಾಯಿತಂದೆಯರು ಬರುತ್ತಿದ್ದರು. ಮಗ ಓದುವುದಿಲ್ಲ, ಮಗಳು ಎದುರು ಮಾತಾಡುತ್ತಾಳೆ ಎಂಬಂಥ ದೂರುಗಳು. ಆಮೇಲೆ ಮನೆ ಪಾಲಿಗೆ ಕಿತ್ತಾಡುವ ಅಣ್ಣತಮ್ಮಂದಿರು ಬಂದರು, ಮುನಿಸಿಕೊಂಡ ಗಂಡಹೆಂಡಿರು ಬಂದರು. ನ್ಯಾಯವಾಗಿ ಹೇಳಬೇಕೆಂದರೆ ಇಂಥ ಜಗಳಗಳಲ್ಲಿ ಹೆಡ್‌ಮೇಷ್ಟ್ರು ಗಟ್ಟಿಗರೇ. ಇಬ್ಬರಿಗೂ ಬೈದು, ಇಬ್ಬರನ್ನೂ ನಗಿಸಿ ಕಳಿಸುತ್ತಿದ್ದರು. ಯಾರಿಂದಲೂ ಬಿಡಿಗಾಸು ಮುಟ್ಟುತ್ತಿರಲಿಲ್ಲ. ಯಾರೋ ಹೇಳಿದರೆಂದು ಒಂದು ಶನಿವಾರ ಭಾನುವಾರ ಯಾವುದೋ ಶಿಬಿರಕ್ಕೆ ಹೋಗಿ ಬಂದರು. ಬರುವಾಗ ಒಂದು ಪ್ರಮಾಣಪತ್ರ ತಂದು ಗಾಜು ಹಾಕಿಸಿ ಗೋಡೆಗೆ ಏರಿಸಿದರು. ಅದರ ಮುಂದಿನ ವಾರವೇ ಬಾಗಿಲ ಮೇಲೆ ‘ಮನಶ್ಶಾಂತಿ ಸಲಹಾ ಕೇಂದ್ರ’ ಎಂಬ ಬೋರ್ಡು ಬಂತು.

ಅವರ ಚಿಕಿತ್ಸೆಗೆ ಒಂದು ಪದ್ಧತಿಯಿತ್ತು. ಬಂದವರನ್ನು ಮೊದಲು ಮುಂದಿನ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿಕೊಂಡು, ಬಾಗಿಲು ಹಾಕಿ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಸುತ್ತಿದ್ದರು. ಆಮೇಲೆ ಬಾಗಿಲು ತೆಗೆದು, ಮನೆಯವರನ್ನೆಲ್ಲ ಒಳಗೆ ಕರೆದು ಸಾಲಾಗಿ ಕೂರಿಸಿ, ಒಳಗೆ ಕೇಳಿದ್ದನ್ನು ಒಂದೂ ಬಿಡದೆ ತರಗತಿಯ ಗಂಟಲಿನಲ್ಲಿ ಹೇಳುತ್ತಿದ್ದರು. ಇದಕ್ಕೆ ಬೀದಿಯವರು ಇಟ್ಟ ಹೆಸರು ‘ಎದುರುಬದುರು’. “ಮುಚ್ಚಿಟ್ಟುಕೊಂಡ್ರೇ ಕಾಯಿಲೆ. ಮನೆಯವರ ಎದುರಿಗೆ ಹೇಳಿಬಿಟ್ರೆ ಅರ್ಧ ವಾಸಿ ಆದಂಗೆ” ಎನ್ನುತ್ತಿದ್ದರು. ಅಣ್ಣತಮ್ಮಂದಿರ ಜಗಳಕ್ಕೆ ಈ ಮದ್ದು ಹಿಡಿಯುತ್ತಿತ್ತು. ಹಾಗಾಗಿ ಎಲ್ಲಕ್ಕೂ ಹಿಡಿಯುತ್ತದೆ ಎಂದು ಹೆಡ್‌ಮೇಷ್ಟ್ರೂ ನಂಬಿದರು, ಬೀದಿಯೂ ನಂಬಿತು.

ಬೀದಿಯ ಬುದ್ಧಿಯನ್ನು ಏನೆಂದು ಹೇಳುವುದು! ಹಲ್ಲು ನೋವಿಗೆ ಹಲ್ಲಿನ ಡಾಕ್ಟರನ್ನೇ ಹುಡುಕುವ, ನಲ್ಲಿ ಸೋರಿದರೆ ನಲ್ಲಿ ಕೆಲಸ ಬಲ್ಲವನನ್ನೇ ಕರೆಯುವ, ಒಂದು ಕನ್ನಡಕಕ್ಕೆ ಮೂರು ಅಂಗಡಿ ಸುತ್ತುವ ಜನ ಅವರು. ಮನಸ್ಸು ಕೆಟ್ಟಾಗ ಮಾತ್ರ ಅದನ್ನು ಕಲಿತವರು ಯಾರಿದ್ದಾರೆ ಎಂದು ಕೇಳುತ್ತಿರಲಿಲ್ಲ, ದೊಡ್ಡವರು ಯಾರಿದ್ದಾರೆ ಎಂದು ಕೇಳುತ್ತಿದ್ದರು. ಅದು ಅಲ್ಲಿ ತಲೆತಲಾಂತರದ ರೂಢಿ.

ಈ ಮನೆಗೆ ಬಂದ ಸೊಸೆ ಮನಶ್ಶಾಸ್ತ್ರವನ್ನೇ ಓದಿದವಳು. ಅತ್ತೆ ಅವಳನ್ನು ಕಣ್ಣುಮುಚ್ಚಿ ಒಪ್ಪಿದ್ದು ಆ ಒಂದು ಕಾರಣಕ್ಕೆ. ಓದೇನೋ ಮುಗಿದಿತ್ತು, ಲೈಸೆನ್ಸ್ ಬಂದಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಹಿರಿಯ ಮನಶ್ಶಾಸ್ತ್ರಜ್ಞೆಯೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಎಲ್ಲರೂ ಅವರನ್ನು ಬರೀ ಮೇಡಂ ಎನ್ನುತ್ತಿದ್ದರು. ಸೊಸೆ ರೋಗಿಗಳ ಜೊತೆ ಏನು ಮಾತಾಡಿದಳೆಂಬುದನ್ನೆಲ್ಲ ಮೇಡಂಗೆ ಒಪ್ಪಿಸಬೇಕಿತ್ತು. ಇದನ್ನು ಯಾಕೆ ಕೇಳಿದೆ, ಅದನ್ನು ಯಾಕೆ ಕೇಳಲಿಲ್ಲ, ಅವರು ಸುಮ್ಮನಾದಾಗ ನೀನು ಯಾಕೆ ಬಾಯಿ ಹಾಕಿದೆ ಎಂದು ಮೇಡಂ ಹಿಂಡಿ ಹಿಪ್ಪೆ ಮಾಡುತ್ತಿದ್ದರು. ಈ ಅವಧಿ ಮುಗಿದು, ಪರೀಕ್ಷೆ ಪಾಸಾದ ಮೇಲೆ ಲೈಸೆನ್ಸ್. ಅಲ್ಲಿಯವರೆಗೆ ಒಬ್ಬಳೇ ಯಾರನ್ನೂ ನೋಡುವಂತಿಲ್ಲ, ಬೋರ್ಡು ಹಾಕುವಂತಿಲ್ಲ.

ಅತ್ತೆಗೆ ಇದು ತಲೆಗೆ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು.

“ನಿನ್ ಮಾವನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿದ್ರೆ ಆಯ್ತು. ಬೋರ್ಡಿನಲ್ಲಿ ಜಾಗ ಬಿಡಿಸಿದೀನಿ ನೋಡು, ನಿನ್ನ ಹೆಸರು ಬರೆಸೋಕೆ. ಬಸ್ಸಲ್ಲಿ ನೇತಾಡ್ಕೊಂಡು ಆ ಆಸ್ಪತ್ರೆಗೆ ಯಾಕೆ ಹೋಗ್ಬೇಕು?”

“ಲೈಸೆನ್ಸ್ ಬರಲಿ ಅತ್ತೆ.”

ಹೆಡ್‌ಮೇಷ್ಟ್ರು ತಟ್ಟೆಯಿಂದ ತಲೆಯೆತ್ತಿ ನಗುತ್ತಿದ್ದರು. “ಅಲ್ಲಮ್ಮಾ, ಕಾರು ಓಡಿಸೋಕೆ ಲೈಸೆನ್ಸು ಅಂದ್ರೆ ಅರ್ಥ ಆಗುತ್ತೆ. ಮನುಷ್ಯ ಮನುಷ್ಯನ ಕಷ್ಟ ಕೇಳೋಕೂ ಲೈಸೆನ್ಸಾ? ನಮ್ಮಜ್ಜಿ ಇಡೀ ಕೇರಿಗೆ ಸಮಾಧಾನ ಹೇಳ್ತಿದ್ಲು. ಸಹಿ ಹಾಕೋಕೂ ಬರ್ತಿರಲಿಲ್ಲ ಅವಳಿಗೆ.”

“ಕೇಳೋಕೆ ಬೇಡ ಮಾವ. ಕೇಳಿದ ಮೇಲೆ ಹೀಗೆ ಮಾಡಿ, ಹಾಗೆ ಮಾಡಬೇಡಿ ಅಂತ ಹೇಳೋಕೆ ಬೇಕು. ನಿಮ್ಮಜ್ಜಿ ಸಮಾಧಾನ ಹೇಳ್ತಿದ್ರು, ಚಿಕಿತ್ಸೆ ಮಾಡ್ತೀನಿ ಅಂತ ಬೋರ್ಡು ಹಾಕಿರಲಿಲ್ವಲ್ಲ.”

“ನಲವತ್ತು ವರ್ಷ ಮಕ್ಕಳನ್ನ ಮೇಯಿಸಿದೀನಿ. ಒಬ್ಬ ಮನುಷ್ಯ ಬಾಗಿಲಲ್ಲಿ ಚಪ್ಪಲಿ ಬಿಡೋದು ನೋಡಿದ್ರೇ ಅವನಿಗೇನಾಗಿದೆ ಹೇಳ್ತೀನಿ.”

“ಗೊತ್ತಾಗದಿದ್ದಾಗ ಏನ್ ಮಾಡ್ತೀರಿ?”

“ಗೊತ್ತಾಗದೇ ಇರೋದು ಇಲ್ಲಿತನಕ ಬಂದಿಲ್ಲ” ಎಂದು ಹೆಡ್‌ಮೇಷ್ಟ್ರು ಮಜ್ಜಿಗೆ ಬಡಿಸಿಕೊಂಡರು. ಸೊಸೆಯ ಗಂಡ ಅವಳ ಕಾಲನ್ನು ಮೇಜಿನ ಕೆಳಗೆ ಮೆಲ್ಲಗೆ ಒತ್ತಿದ. ಸಾಕು ಎಂದು ಅದರ ಅರ್ಥ. ಅವನು ಅಪ್ಪನಿಗೂ ಹೌದು, ಹೆಂಡತಿಗೂ ಹೌದು ಎನ್ನುವ ಜಾತಿಯ ಸಜ್ಜನ.

ಅದೇ ಬೀದಿಯ ತಿರುವಿನಲ್ಲಿ ಒಂದು ಸಣ್ಣ ಸಲೂನು. ಎರಡು ಕನ್ನಡಿ, ಒಂದು ತಿರುಗುವ ಕುರ್ಚಿ, ಕಾಯುವವರಿಗೆ ಒಂದು ಬೆಂಚು. ಅದರ ಮಾಲೀಕನನ್ನು ಎಲ್ಲರೂ ಸಲೂನಣ್ಣ ಎನ್ನುತ್ತಿದ್ದರು. ಕೈ ಎಷ್ಟು ಹಗುರವೆಂದರೆ ಗಡ್ಡ ಮಾಡಿಸಿಕೊಳ್ಳುತ್ತ ಗೊರಕೆ ಹೊಡೆಯುವವರಿದ್ದರು. ಮಾತು ಕಡಿಮೆ. ಹೀಗಾಗಿ ಸಲೂನಿನವನಿಗೆ ಇರಬೇಕಾದ ಅರ್ಹತೆಯೇ ಇವನಿಗಿಲ್ಲ ಎಂದು ಗಿರಾಕಿಗಳು ಛೇಡಿಸುತ್ತಿದ್ದರು. ಅವನಿಗೆ ಒಬ್ಬಳೇ ಮಗಳು. ಗುಬ್ಬಿ ಎಂದು ಕರೆಯುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಓಡಿಬಂದು ಬೆಂಚಿನ ಮೇಲೆ ಕೂತು ಮಗ್ಗಿ ಹೇಳುತ್ತಿದ್ದಳು. ತಪ್ಪಿದರೆ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೇ ತಿದ್ದಬೇಕು.

ಇಂಥವನು ಕೆಲವು ತಿಂಗಳಿಂದ ಕ್ಷೌರದ ಕತ್ತಿ ಹಿಡಿಯುವುದನ್ನು ಕಡಿಮೆ ಮಾಡಿದ. ಕೂದಲು ಕತ್ತರಿಸುತ್ತೇನೆ, ಗಡ್ಡ ಬೇಡ ಎನ್ನತೊಡಗಿದ. ಮನೆಯಲ್ಲಿ ಅಡಿಗೆಮನೆಯ ಚಾಕುಗಳನ್ನು ಎತ್ತಿ ಅಟ್ಟದ ಮೇಲಿಟ್ಟ. ಮಗಳು ಹತ್ತಿರ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದ. ಹೆಂಡತಿಗೆ ದಿಕ್ಕೇ ತೋಚಲಿಲ್ಲ. ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ತನ್ನ ಅಣ್ಣನನ್ನೂ ಅತ್ತೆಯನ್ನೂ ಜೊತೆಗೆ ಕರೆದುಕೊಂಡು, ಗಂಡನನ್ನು ಹೆಡ್‌ಮೇಷ್ಟ್ರ ಮನೆಗೆ ಎಳೆತಂದಳು.

ಸಲೂನಣ್ಣ ಒಳಗೆ ಬಹಳ ಹೊತ್ತು ಕೂತಿದ್ದ. ಒಗೆದ ಬಟ್ಟೆ ಮಡಚುತ್ತ ನಡುಮನೆಯಲ್ಲಿದ್ದ ಸೊಸೆಗೆ ಮುಚ್ಚಿದ ಬಾಗಿಲಾಚೆ ಒಬ್ಬ ಗಂಡಸು ಬಿಕ್ಕಿದ್ದು ಕೇಳಿಸಿತು. ಆಮೇಲೆ ಬಾಗಿಲು ತೆರೆಯಿತು. ಮನೆಯವರೆಲ್ಲ ಒಳಗೆ ಹೋಗಿ ಸಾಲಾಗಿ ಕೂತರು. ಸರದಿಗೆ ಕಾಯುತ್ತಿದ್ದ ಜನ ಜಗುಲಿಯಲ್ಲೇ ಇದ್ದರು. ಹೆಡ್‌ಮೇಷ್ಟ್ರ ಗಂಟಲು ಜಗುಲಿಯನ್ನೂ ದಾಟುವಂಥದು.

“ನೋಡಿ, ವಿಷಯ ಸಣ್ಣದಲ್ಲ. ಕತ್ತಿ ಕೈಗೆ ತಗೊಂಡ್ರೆ ಎದುರಿಗೆ ಕೂತೋರ ಕತ್ತು ಕೊಯ್ದು ಬಿಡ್ತೀನೇನೋ ಅನ್ನೋ ಯೋಚನೆ ಬರುತ್ತಂತೆ ಇವನಿಗೆ. ಮನೇಲಿ ಮಗೂನ ನೋಡಿದ್ರೂ ಅದೇ ಯೋಚನೆಯಂತೆ.”

ಸಲೂನಣ್ಣನ ತಾಯಿ ಅಯ್ಯೋ ಎಂದು ಬಾಯಿ ಮುಚ್ಚಿಕೊಂಡಳು. ಹೆಂಡತಿ ಗಂಡನ ಪಕ್ಕದಿಂದ ಅರಿವಿಲ್ಲದೆಯೇ ಸ್ವಲ್ಪ ಸರಿದಳು. ಆ ಸರಿದದ್ದನ್ನು ಸಲೂನಣ್ಣ ನೋಡಿದ.

“ಮೇಷ್ಟ್ರೇ,” ಎಂದ, “ಹಂಗೆ ಯೋಚನೆ ಬರುತ್ತೆ ಅಂದೆ. ಮಾಡ್ತೀನಿ ಅನ್ನಲಿಲ್ಲ. ಬಂದ್ರೆ ಮೈಯೆಲ್ಲ ನಡುಗುತ್ತೆ ಅಂದೆ. ಮಗೂಗೆ ಏನೂ ಆಗಬಾರ್ದು ಅಂತಲೇ ಚಾಕು ಎತ್ತಿಟ್ಟೆ ಅಂದೆ.”

“ಎರಡಕ್ಕೂ ಎಷ್ಟಪ್ಪಾ ದೂರ? ಒಳಗೆ ಆಸೆ ಇಲ್ಲದೆ ಯೋಚನೆ ಎಲ್ಲಿಂದ ಬರುತ್ತೆ?”

ಆ ದೂರ ಎಷ್ಟೆಂದು ಅಳೆಯಲು ಕಲಿಯುವುದಕ್ಕೇ ಜನ ವರ್ಷಗಟ್ಟಲೆ ಓದುತ್ತಾರೆ, ಹಿರಿಯರ ಕೈಲಿ ಬೈಸಿಕೊಳ್ಳುತ್ತಾರೆ. ಹೆಡ್‌ಮೇಷ್ಟ್ರು ಅದನ್ನು ಒಂದು ಪ್ರಶ್ನೆಯಲ್ಲಿ ಮುಗಿಸಿದರು. ಮಗುವನ್ನು ನಾಳೆಯೇ ಸೋದರಮಾವನ ಮನೆಗೆ ಕಳಿಸಬೇಕು. ಇವನು ವಾಸಿಯಾಗುವ ತನಕ ತಂದೆಮಗಳು ಒಂದೇ ಸೂರಿನಡಿ ಇರಕೂಡದು. ಅಂಗಡಿಯ ಕತ್ತಿಗಳನ್ನೆಲ್ಲ ಹೆಂಡತಿ ಎತ್ತಿಡಬೇಕು. ದಿನಾ ಸಂಜೆ ಇವನು ಇಲ್ಲಿಗೆ ಬಂದು ಕೂರಬೇಕು. ತೀರ್ಪು ಮುಗಿಯಿತು.

ಜನವೆಲ್ಲ ಹೋದ ಮೇಲೆ ಸೊಸೆ ಮುಂದಿನ ಕೋಣೆಗೆ ಬಂದಳು.

“ಮಾವ, ಅವರನ್ನ ನಮ್ಮ ಆಸ್ಪತ್ರೆಗೆ ಕಳಿಸಿ. ಬೇಡವಾದ ಯೋಚನೆ ಹಿಂಗೆ ನುಗ್ಗಿ ನುಗ್ಗಿ ಬರೋದು ಒಂದು ಕಾಯಿಲೆಯಿಂದಲೂ ಆಗುತ್ತೆ. ಅದಕ್ಕೆ ಚಿಕಿತ್ಸೆ ಇದೆ. ಅಂಥೋರು ಆ ಯೋಚನೆಗೇ ಹೆದರಿ ಸಾಯ್ತಾರೆ, ಹಂಗೆ ಮಾಡೋಕೆ ಹೊರಟೋರಲ್ಲ ಅವರು. ಮಗೂನ ದೂರ ಮಾಡಿದ್ರೆ ನೀನು ಕೊಲೆಗಾರ ಅಂತ ನಾವೇ ಹೇಳಿದ ಹಾಗಾಗುತ್ತೆ.”

“ಇದೇ ಕಾಯಿಲೆ ಅಂತ ನೀನು ಹೇಳ್ತೀಯಾ?”

“ನಾನು ಹೇಳೋ ಹಾಗಿಲ್ಲ. ಮೇಡಂ ನೋಡಿ ಹೇಳಬೇಕು.”

“ಅಂದ್ರೆ ನಿನಗೂ ಗೊತ್ತಿಲ್ಲ.” ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. “ಲೈಸೆನ್ಸು ಲೈಸೆನ್ಸು ಅಂತ ನೀನೇ ದಿನಾ ಹೇಳ್ತೀಯ. ಇಲ್ವಲ್ಲ ನಿನ್ನ ಹತ್ರ? ಇಲ್ಲದೋಳು ನನಗೆ ಪಾಠ ಹೇಳ್ಬೇಡ. ನಾಳೆ ಆ ಮಗುವಿಗೆ ಏನಾದ್ರೂ ಆದ್ರೆ ಬೀದಿ ನನ್ನ ಕೇಳುತ್ತೆ, ನಿಮ್ಮ ಮೇಡಮ್ಮನ್ನಲ್ಲ.”

ಗೊತ್ತಿಲ್ಲ ಎಂದು ಒಪ್ಪಿಕೊಂಡವಳ ಬಾಯಿ ಕಟ್ಟಿಹೋಯಿತು. ಗೊತ್ತಿದೆ ಎಂದವರ ಮಾತು ನಡೆಯಿತು. ಅಡಿಗೆಮನೆಯಿಂದ ಅತ್ತೆ, “ದೊಡ್ಡೋರಿಗೆ ಎದುರು ಮಾತಾಡೋದನ್ನೇ ಕಲಿಸ್ತಾರೇನೋ ಆ ಆಸ್ಪತ್ರೇಲಿ” ಎಂದು ಪಾತ್ರೆಗೆ ಹೇಳಿದರು.

ಗುಬ್ಬಿಯನ್ನು ಸೋದರಮಾವ ಕರೆದುಕೊಂಡು ಹೋದ. ಯಾಕೆಂದು ಅವಳಿಗೆ ಯಾರೂ ಹೇಳಲಿಲ್ಲ. ಬೀದಿಗೆ ಮಾತ್ರ ಯಾರೂ ಹೇಳಬೇಕಾಗಿರಲಿಲ್ಲ, ಜಗುಲಿಯಲ್ಲಿ ಕೂತವರಿಗೆ ಕಿವಿಯಿತ್ತು. ವಾರದೊಳಗೆ ಸಲೂನಿನ ಬೆಂಚು ಖಾಲಿಯಾಯಿತು. ಹಳೆಯ ಗಿರಾಕಿಗಳು ಅಂಗಡಿಯ ಮುಂದೆ ಹಾಯುವಾಗ ಎದುರು ಬದಿಯ ಪಾದಚಾರಿ ದಾರಿ ಹಿಡಿದರು. ಇವನ ಕುರ್ಚಿಯಲ್ಲಿ ಕೂತು ಗೊರಕೆ ಹೊಡೆದವರೇ ತಮ್ಮ ಕತ್ತು ಸವರಿಕೊಂಡು, ಪುಣ್ಯಕ್ಕೆ ಉಳಿದೆ ಎಂದು ಕತೆ ಹೇಳಿದರು. ಇಷ್ಟು ವರ್ಷ ಅವನ ಕೈಯಿಂದ ಒಬ್ಬರಿಗೂ ಒಂದು ಗೀರು ಬಿದ್ದಿರಲಿಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ.

ಸೊಸೆ ಮೇಡಂಗೆ ವಿಷಯ ತಿಳಿಸಿ, ಬರಹೇಳು ಎನ್ನಿಸಿಕೊಂಡು, ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಸಲೂನಿಗೆ ಹೋದಳು. ಸಲೂನಣ್ಣ ಗಿರಾಕಿಯ ಕುರ್ಚಿಯಲ್ಲಿ ಕನ್ನಡಿಗೆ ಬೆನ್ನು ಮಾಡಿ ಕೂತಿದ್ದ. ಅವಳನ್ನು ನೋಡಿ ಧಡಕ್ಕನೆ ಎದ್ದು ನಿಂತ.

“ಅಣ್ಣಾ, ನಾನು ನಿಮಗೆ ಸಲಹೆ ಕೊಡೋಕೆ ಬಂದಿಲ್ಲ. ನನಗೆ ಇನ್ನೂ ಆ ಅಧಿಕಾರ ಇಲ್ಲ. ಸೋಮವಾರ ನಮ್ಮ ಆಸ್ಪತ್ರೆಗೆ ಬನ್ನಿ. ಮೇಡಂ ನೋಡ್ತಾರೆ. ನೀವು ಹೇಳಿದ್ದು ಆ ಕೋಣೆ ದಾಟಲ್ಲ.”

“ಮನೆಯವರನ್ನ ಕರೆದು ಹೇಳಲ್ವಾ?”

“ನಿಮ್ಮನ್ನ ಕೇಳದೆ ಹೇಳಲ್ಲ. ಯಾರದಾದ್ರೂ ಜೀವಕ್ಕೆ ಅಪಾಯ ಇದೆ ಅನ್ನಿಸಿದ್ರೆ ಮಾತ್ರ ಸುಮ್ಮನಿರೋಕಾಗಲ್ಲ. ಅದನ್ನೂ ಮೊದಲೇ ನಿಮಗೆ ಹೇಳ್ತಾರೆ.”

ಅವನು ತನ್ನ ಅಂಗೈ ನೋಡಿಕೊಂಡ. “ನನ್ನಂಥೋರನ್ನ ನೋಡಿದಾರಾ ಅವರು? ಹೆತ್ತ ಮಗಳ ಮೇಲೆ ಇಂಥ ಯೋಚನೆ ಬರೋರನ್ನ?”

“ನೋಡಿದಾರೆ. ಇಂಥ ಯೋಚನೆ ಹೊತ್ತುಕೊಂಡು ಬರೋರು ತುಂಬಾ ಜನ ಇದಾರೆ ಅಣ್ಣಾ.”

“ತುಂಬಾ ಜನಾನಾ?” ಎಂದು ಅವನು ಮತ್ತೆ ಕೇಳಿದ. ತಾನೊಬ್ಬನೇ ಅಲ್ಲ ಎಂಬ ಸುದ್ದಿಯನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಬರುತ್ತೇನೆ ಎಂದ. ಆಮೇಲೆ ಪದ್ಧತಿ ಗೊತ್ತಿದ್ದ ಮನುಷ್ಯನಂತೆ, “ಮೇಷ್ಟ್ರಿಗೆ ಒಂದು ಮಾತು ಕೇಳಿಬಿಡ್ತೀನಿ. ಅವರ ಕೈಲಿ ತೋರಿಸ್ಕೊಳ್ತಾ ಇದೀನಲ್ಲ, ಹೇಳದೆ ಹೋದ್ರೆ ಚೆನ್ನಾಗಿರಲ್ಲ” ಎಂದ.

ಕೇಳಬೇಡಿ ಎನ್ನಬೇಕೆಂದು ಸೊಸೆಗೆ ನಾಲಗೆ ತುದಿಗೆ ಬಂತು. ಮಾವನ ಮರ್ಯಾದೆ ಅಡ್ಡ ಬಂತು, ಎನ್ನಲಿಲ್ಲ.

ಅಂದು ಸಂಜೆ ಅವನು ಕೇಳಿದ. ಹೆಡ್‌ಮೇಷ್ಟ್ರಿಗೆ ಕೋಪವೇನೂ ಬರಲಿಲ್ಲ. ಮಗನಿಗೆ ಹೇಳುವ ಹಾಗೆ ಬೆನ್ನು ತಟ್ಟಿ ಹೇಳಿದರು: “ನೋಡಪ್ಪಾ, ಒಂದು ಕಡೆ ನಡೀತಿರುವಾಗ ಇನ್ನೊಂದು ಕಡೆ ಕೈ ಹಾಕಬಾರದು. ಆ ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಹುಚ್ಚ ಅನ್ನೋ ಹೆಸರು ಅಂಟುತ್ತೆ. ನಾಳೆ ಹುಚ್ಚನ ಮಗಳು ಅಂತಾರೆ ಗುಬ್ಬೀನ. ನಾನಿಲ್ವಾ? ತಾಳ್ಮೆ ಇಟ್ಕೋ.”

ಮಗಳ ಹೆಸರು ಎತ್ತಿದ ಮೇಲೆ ಅವನು ಇನ್ನೇನು ಹೇಳುತ್ತಾನೆ? ಸೋಮವಾರ ಸೊಸೆ ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲನ್ನು ಹತ್ತಾರು ಸಲ ಇಣುಕಿ ನೋಡಿದಳು. ಅವನು ಬರಲಿಲ್ಲ.

ಅದೇ ವಾರ ಒಂದು ಬೆಳಗ್ಗೆ ಸಲೂನಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಒಡೆದು ನೋಡಿದಾಗ ಎಲ್ಲ ಮುಗಿದಿತ್ತು. ಹೇಗೆ, ಏನು ಎಂಬುದನ್ನು ಬೀದಿ ಸಾಕಾಗುವಷ್ಟು ಸಲ ಹೇಳಿಕೊಂಡಿದೆ, ಇಲ್ಲಿ ಬೇಡ. ಅವನಿಂದ ಕೊನೆಯವರೆಗೂ ಇನ್ನೊಬ್ಬರಿಗೆ ಒಂದು ಗೀರೂ ಆಗಲಿಲ್ಲ ಎಂಬಷ್ಟು ಹೇಳಿದರೆ ಸಾಕು.

ಇಂಥದ್ದಾದ ಮೇಲಾದರೂ ಬೀದಿಗೆ ಬುದ್ಧಿ ಬಂದಿರಬೇಕು ಎಂದು ಓದುಗರು ಎಣಿಸಬಹುದು. ಆದದ್ದು ತಿರುಗಾಮುರುಗಾ. “ನೋಡಿದ್ರಾ, ಹೆಡ್‌ಮೇಷ್ಟ್ರು ಮೊದಲೇ ಕಂಡುಹಿಡಿದಿದ್ರು. ಮಗೂನ ದೂರ ಕಳಿಸದೇ ಇದ್ದಿದ್ರೆ ಅದರ ಗತಿ ಏನಾಗ್ತಿತ್ತು!” ಎಂದರು ಜನ. ಅವರ ಖ್ಯಾತಿ ಪಕ್ಕದ ಬಡಾವಣೆಗೂ ಹಬ್ಬಿತು. ಬಾಗಿಲಲ್ಲಿ ಚಪ್ಪಲಿ ಇನ್ನೂ ಹೆಚ್ಚಾದವು. ಹೆಡ್‌ಮೇಷ್ಟ್ರು ಮೊದಮೊದಲು ಮಂಕಾಗಿ, ಊಟ ಬಿಟ್ಟು ಎದ್ದು ಹೋಗುತ್ತಿದ್ದದ್ದುಂಟು. ಆದರೆ ಹೊಗಳಿಕೆ ದಿನವೂ ಕಿವಿಗೆ ಬೀಳುತ್ತಿದ್ದರೆ ಎಂಥ ಮಂಕೂ ಬಿಡುತ್ತದೆ. ತಾವು ಒಂದು ಮಗುವಿನ ಜೀವ ಉಳಿಸಿದೆವೆಂದು ಅವರು ನಿಧಾನವಾಗಿ ನಂಬಿಕೊಂಡರು. ನಂಬದಿದ್ದರೆ ಆ ಕೋಣೆಯಲ್ಲಿ ಮತ್ತೆ ಕೂರುವುದು ಅವರಿಗೆ ಸಾಧ್ಯವಿರಲಿಲ್ಲ.

ಸೊಸೆಗೆ ಸಿಟ್ಟು ಬಂದದ್ದು ಮಾವನ ಮೇಲೆ ಅರ್ಧ, ತನ್ನ ಮೇಲೆ ಅರ್ಧ. ಮೇಡಂ ಎದುರು ಕೂತು ಅತ್ತಳು. ಮೇಡಂ ಸಮಾಧಾನ ಹೇಳಲಿಲ್ಲ. “ಲೈಸೆನ್ಸ್ ಇಲ್ಲದೆ ಚಿಕಿತ್ಸೆ ಮಾಡಬಾರದು, ಅದು ಸರಿ. ಆದರೆ ನಿನ್ನ ಕಣ್ಣೆದುರಿಗೆ ಒಬ್ಬರು ಹಾಳು ಮಾಡುತ್ತಿರುವಾಗ ನಿಲ್ಲಿಸಿ ಅನ್ನೋಕೆ ಯಾವ ಲೈಸೆನ್ಸೂ ಬೇಡ” ಎಂದಷ್ಟೇ ಹೇಳಿದರು.

ಕೆಲವು ವಾರ ಕಳೆದವು. ಒಂದು ಸಂಜೆ ಸೊಸೆ ಆಸ್ಪತ್ರೆಯಿಂದ ಬಂದು ಜಗುಲಿ ಹತ್ತುವಾಗ ಸರದಿಯಲ್ಲಿ ಸಲೂನಣ್ಣನ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ, ಇನ್ನೂ ಸೋದರಮಾವನ ಮನೆಯಲ್ಲೇ ಇದ್ದ ಗುಬ್ಬಿ. ಅವಳು ಸೊರಗಿದ್ದಳು, ಉಗುರನ್ನು ರಕ್ತ ಬರುವಷ್ಟು ಕಚ್ಚಿಕೊಂಡಿದ್ದಳು.

“ಯಾಕಕ್ಕಾ ಬಂದ್ರಿ?” ಎಂದು ಸೊಸೆ ಕೇಳಿದಳು.

ತಾಯಿ ದನಿ ತಗ್ಗಿಸಿದಳು. “ಇವಳು ಶಾಲೆಯಲ್ಲಿ ಯಾರ ಜೊತೇನೂ ಸೇರ್ತಿಲ್ಲ. ಕತ್ತರಿ ಕಂಡ್ರೆ ಚೀರ್ತಾಳೆ. ಅಪ್ಪನ ಗುಣ ಇವಳಿಗೂ ಬಂದಿದೆಯೋ ಏನೋ, ಮೇಷ್ಟ್ರ ಹತ್ರ ತೋರಿಸಿಬಿಡು ಅಂತ ನಮ್ಮಣ್ಣ ಹೇಳಿದ. ಒಳಗೆ ಕೂರಿಸಿಕೊಂಡು ಕೇಳಿದ್ರೆ ಗೊತ್ತಾಗುತ್ತಲ್ಲ.”

ಆಗಲೇ ಒಳಗಿನಿಂದ ಹೆಡ್‌ಮೇಷ್ಟ್ರ ದನಿ ಬಂತು. “ಮುಂದಿನವರು ಬನ್ನಿ.”

ತಾಯಿ ಎದ್ದಳು. ಗುಬ್ಬಿಯ ರೆಟ್ಟೆ ಹಿಡಿದು ಎಬ್ಬಿಸಿದಳು. ಸೊಸೆ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

“ಈ ಮಗೂನ ನಾನು ಒಳಗೆ ಬಿಡಲ್ಲ.”

ಹೆಡ್‌ಮೇಷ್ಟ್ರು ಎದ್ದು ಬಂದರು. “ಏನಮ್ಮಾ ಇದು, ಜನರ ಎದುರಿಗೆ?”

“ಜನರ ಎದುರಿಗೇ ಆಗಲಿ ಮಾವ. ಎಲ್ಲಾನೂ ಜನರ ಎದುರಿಗೇ ಹೇಳಿ ರೂಢಿ ಇದೆಯಲ್ಲ ನಮ್ಮ ಮನೇಲಿ.” ಅವಳು ಜಗುಲಿಯ ಕಡೆ ತಿರುಗಿದಳು. “ಕೇಳಿ ಎಲ್ಲರೂ. ಮನಸ್ಸಿನ ಕಾಯಿಲೆ ನೋಡೋಕೆ ಕಲಿತು, ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತಗೊಂಡಿರೋರು ಈ ಮನೇಲಿ ಯಾರೂ ಇಲ್ಲ. ಮಾವನ ಹತ್ರ ಇಲ್ಲ. ನನ್ನ ಹತ್ರಾನೂ ಇಲ್ಲ. ಗೋಡೆ ಮೇಲಿರೋದು ಎರಡು ದಿನದ ಶಿಬಿರಕ್ಕೆ ಹೋಗಿ ಬಂದಿದ್ದಕ್ಕೆ ಕೊಟ್ಟಿದ್ದು. ಜಗಳ ಇದ್ರೆ ಬನ್ನಿ, ಮಾವ ಚೆನ್ನಾಗಿ ಬಗೆಹರಿಸ್ತಾರೆ. ಕಾಯಿಲೆ ತರಬೇಡಿ.”

“ಸಲೂನಣ್ಣನ್ನ ಕಂಡುಹಿಡಿದದ್ದು ಯಾರು ಹಂಗಾದ್ರೆ?” ಎಂದು ಸಾಲಿನಲ್ಲಿದ್ದ ಒಬ್ಬ ಮುದುಕ ಕೇಳಿದ.

“ಯಾರೂ ಕಂಡುಹಿಡೀಲಿಲ್ಲ ತಾತ. ಅವರಿಗೆ ಏನಾಗಿತ್ತು ಅಂತ ನನಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳೋಕೆ ಬಲ್ಲೋರ ಹತ್ರ ಅವರು ಹೋಗಲೇ ಇಲ್ಲ. ಹೋಗ್ತೀನಿ ಅಂದಾಗ ನಾವು ಬಿಡಲಿಲ್ಲ.”

ಹೆಡ್‌ಮೇಷ್ಟ್ರ ಮುಖ ಕಪ್ಪಿಟ್ಟಿತು. “ನಾನು ಆ ಮಗು ಜೀವ ಉಳಿಸಿದೀನಿ” ಎಂದರು. ಗಂಟಲು ಜಗುಲಿ ದಾಟಲಿಲ್ಲ.

“ಮಾವ, ಅವರು ಚಾಕು ಎತ್ತಿಟ್ಟಿದ್ದು ಮಗಳಿಗೆ ಏನೂ ಆಗದೇ ಇರಲಿ ಅಂತ. ಅದನ್ನ ಅವರೇ ನಿಮಗೆ ಹೇಳಿದ್ರು. ನಾನು ಈ ಕಿವಿಯಲ್ಲೇ ಕೇಳಿದೀನಿ.”

ಗುಬ್ಬಿ ಅಮ್ಮನ ಸೆರಗಿನಿಂದ ತಲೆ ಹೊರಹಾಕಿದಳು. “ನಂಗೇನೂ ಆಗಬಾರ್ದು ಅಂತಾನಾ?” ಎಂದು ಕೇಳಿದಳು.

ಸೊಸೆ ಮಂಡಿಯೂರಿ ಕೂತು, “ಹೌದು ಪುಟ್ಟಾ. ಅವರ ಮಾತು ನಾನು ಕೇಳಿದ್ದು ಹಾಗೆ” ಎಂದಳು. ಅದಕ್ಕಿಂತ ಹೆಚ್ಚು ಹೇಳಲು ತನಗೆ ಅಧಿಕಾರವಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ.

ಹೆಡ್‌ಮೇಷ್ಟ್ರು ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಅತ್ತೆ ಸೊಸೆಗೆ ಬಾಯಿಗೆ ಬಂದಂತೆ ಬೈದರು, ಮನೆ ಮಾನ ಬೀದಿಗೆ ಬಂತೆಂದು ಅತ್ತರು. ಮಗ ಮೊದಲ ಬಾರಿಗೆ ಎರಡೂ ಕಡೆ ಹೌದು ಎನ್ನದೆ, “ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದಮ್ಮಾ?” ಎಂದು ಕೇಳಿದ. ಸಾಲಿನಲ್ಲಿದ್ದವರಲ್ಲಿ ಕೆಲವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಕೆಲವರು ಹೋಗಲಿಲ್ಲ. ಆ ಮುದುಕ ನಾನಂತೂ ಮೇಷ್ಟ್ರನ್ನು ಬಿಡುವವನಲ್ಲ ಎಂದು ಒಳಗೆ ಹೋಗಿಯೇ ಬಿಟ್ಟ. ರೂಢಿ ಎಂಬುದು ಒಂದು ಸಂಜೆಗೆ ಕಳಚಿ ಬೀಳುವ ವಸ್ತುವಲ್ಲ.

ಮರುದಿನ ಬೆಳಗಿನ ಬಸ್ಸಿನಲ್ಲಿ ಸೊಸೆ ತಾಯಿಮಗಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಮೇಡಂ ಮೊದಲು ತಾಯಿಯ ಜೊತೆ ಮಾತಾಡಿದರು, ಆಮೇಲೆ ಗುಬ್ಬಿಯನ್ನು ಒಳಗೆ ಕರೆದರು. ಬಾಗಿಲು ಮುಚ್ಚಿತು. ತಾಯಿ ಹೊರಗೆ ಬೆಂಚಿನ ಮೇಲೆ ಕೂತಳು. ಸೊಸೆಯೂ ಹೊರಗೇ ಕೂತಳು. ಗುಬ್ಬಿಯ ಮನೆಗೂ ಸೊಸೆಯ ಮನೆಗೂ ನಡುವೆ ಇಷ್ಟೆಲ್ಲ ನಡೆದ ಮೇಲೆ ಸೊಸೆ ಒಳಗಿರುವುದು ಸರಿಯಲ್ಲ ಎಂದು ಮೇಡಂ ಹೇಳಿದ್ದರು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ತಾಯಿ ತಟಕ್ಕನೆ ಎದ್ದು ಸೆರಗು ಸರಿಮಾಡಿಕೊಂಡು, ಒಳಗೆ ಕರೆಯುತ್ತಾರೆಂದು ಕಾದಳು. ಮೇಡಂ ಹೊರಗೆ ಬಂದು ಬಾಗಿಲನ್ನು ಹಿಂದೆ ಎಳೆದುಕೊಂಡರು.

“ಏನ್ ಹೇಳಿದ್ಲು ಮೇಡಂ?”

“ಅವಳು ಹೇಳಿದ್ದು ಅವಳದ್ದು. ನಿಮಗೆ ಹೇಳಬೇಕು ಅನ್ನಿಸಿದಾಗ ಅವಳೇ ಹೇಳ್ತಾಳೆ. ಏನು ಚಿಕಿತ್ಸೆ, ಮನೇಲಿ ನೀವು ಏನು ಮಾಡಬೇಕು ಅನ್ನೋದನ್ನ ನಾನು ವಿವರವಾಗಿ ಹೇಳ್ತೀನಿ. ಮೊದಲನೆಯದು, ಅವಳನ್ನ ಇವತ್ತೇ ನಿಮ್ಮ ಮನೆಗೆ ಕರ್ಕೊಂಡು ಹೋಗಿ. ನಿಮ್ಮ ಹತ್ರಾನೇ ಇರಲಿ.”

ತಾಯಿ ಹೂಂ ಎಂದಳು. ಬಾಗಿಲನ್ನೇ ನೋಡುತ್ತ ನಿಂತಳು. ಆಮೇಲೆ, ಕೇಳಬಾರದೆಂದು ಅಷ್ಟು ದಿನ ಒಳಗೆ ಒತ್ತಿಟ್ಟುಕೊಂಡಿದ್ದನ್ನು ಕೇಳಿಬಿಟ್ಟಳು.

“ಅವರು ಈ ಬಾಗಿಲೊಳಗೆ ಬಂದಿದ್ರೆ ಬದುಕ್ತಿದ್ರಾ ಮೇಡಂ?”

“ಅದು ನನಗೆ ಗೊತ್ತಿಲ್ಲಮ್ಮಾ. ನಾನು ಅವರನ್ನ ನೋಡೇ ಇಲ್ಲ. ಆದರೆ ನೀವು ಹೇಳಿದ್ದಿಷ್ಟನ್ನೇ ಕೇಳಿ, ಮಗಳನ್ನ ಅವರಿಂದ ಕಿತ್ತುಕೊಳ್ಳಿ ಅಂತ ನಾನಂತೂ ಹೇಳ್ತಿರಲಿಲ್ಲ.”